ವಾದ ಮಾಡಿ, ಬೈಬೇಡಿ

ಗೆಳೆಯರೇ, 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಮೇ 10ರ ಮತದಾನ ಹತ್ತಿರ ಬಂತು. ಪೈಪೋಟಿ ಬಿಗಿಯಾದಷ್ಟೂ ನಮ್ಮ ಈ ಗುಂಪಿನಲ್ಲಿ ಬಿಸಿ ಜಾಸ್ತಿ ಆಗಿದೆ. ಕಾಂಗ್ರೆಸ್‌ನ ಖರ್ಗೆಯವರು ಮೋದಿಯವರ ಬಗ್ಗೆ ‘ವಿಷಸರ್ಪ’ ಅಂದರು, ಮರುದಿನವೇ ಬಿಜೆಪಿಯ ಯತ್ನಾಳರು ಸೋನಿಯಾ ಬಗ್ಗೆ ‘ವಿಷಕನ್ಯೆ’ ಅಂದರು. ನಿನ್ನೆ ರಾತ್ರಿಯಿಡೀ ಇಲ್ಲಿ ಇದೇ ಜಗಳ. ತಮಾಷೆ ನೋಡಿ, ಒಂದನ್ನು ಖಂಡಿಸಿದವರೇ ಇನ್ನೊಂದಕ್ಕೆ ಚಪ್ಪಾಳೆ ತಟ್ಟಿದ್ದಾರೆ. ಎರಡೂ ಕಡೆಯವರು!

ಖರ್ಗೆಯವರು ವಿಷಾದ ಹೇಳಿಯಾಗಿದೆ. ಯತ್ನಾಳರಿಗೆ ಚುನಾವಣಾ ಆಯೋಗದ ನೋಟಿಸ್ ಹೋಗಿದೆ. ಅದು ಅವರ ಪಾಡು. ನಾವು ಒಬ್ಬರನ್ನೊಬ್ಬರು ‘ಭಕ್ತ’, ‘ಗುಲಾಮ’ ಅನ್ನೋದು ಇವತ್ತಿಗೇ ನಿಲ್ಲಲಿ.

ಪಕ್ಷಗಳು ಪುಕ್ಕಟೆ ಕೊಡ್ತೀವಿ ಅಂದಿರುವ 10 ಕಿಲೋ ಅಕ್ಕಿ, 200 ಯೂನಿಟ್ ಕರೆಂಟು, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಇವಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಎಷ್ಟು ಬೇಕಾದರೂ ಕಿತ್ತಾಡಿ. ಕತ್ತರಿಸಿದ ವಿಡಿಯೊ ಬೇಡ, ಪೂರ್ತಿ ಭಾಷಣ ಹಾಕಿ. ಬೈದವರು 13ರ ಫಲಿತಾಂಶದವರೆಗೆ ಗುಂಪಿನಿಂದ ಹೊರಗೆ.