ದುರಸ್ತಿಯ ಖರ್ಚು ಯಾರದು: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮ್ಮಲ್ಲಿ ಕೊಂಡ ಹಳೆಯ ಕಾರು ಮೊದಲ ಕೆಲವು ತಿಂಗಳಲ್ಲಿ ಕೆಟ್ಟರೆ, ಅದರ ಖರ್ಚನ್ನು ಇಷ್ಟು ಕಾಲ ಎದುರುಬದುರು ಕೂತು ಮಾತಾಡಿ, ಹೆಚ್ಚಾಗಿ ಅರ್ಧರ್ಧ ಹಂಚಿಕೊಂಡು ಮುಗಿಸುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಖಿನಿಂದ ಮಾರುವ ಕಾರುಗಳಿಗೆ ಈ ಪದ್ಧತಿ ಇರುವುದಿಲ್ಲ. ಯಾವ ಖರ್ಚು ನಮ್ಮದು, ಯಾವುದು ನಿಮ್ಮದು ಎಂಬುದನ್ನು ನೀವು ಮುಂಗಡ ಕೊಡುವ ಮೊದಲೇ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ನಿಮಗೆ ಕೊಡುತ್ತೇವೆ. ಬಾಯಿಮಾತನ್ನೇ ನಂಬಿ ವ್ಯವಹಾರ ಮಾಡಿದ ನಿಮಗೆ ಈ ಕಾಗದಪತ್ರ ಬೇಸರ ತಂದರೆ ದಯವಿಟ್ಟು ಕ್ಷಮಿಸಿ.

ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ಒಳಭಾಗ, ಸ್ಟೀರಿಂಗ್, ರೇಡಿಯೇಟರ್ ಇವುಗಳಲ್ಲಿ ಮೂರು ತಿಂಗಳು ಅಥವಾ 3,000 ಕಿ.ಮೀ., ಯಾವುದು ಮೊದಲೋ ಅಷ್ಟರೊಳಗೆ ದೋಷ ಕಂಡರೆ ಬಿಡಿಭಾಗವೂ ಕೂಲಿಯೂ ನಮ್ಮದೇ. ಟೈರು, ಬ್ರೇಕ್ ಪ್ಯಾಡ್, ಬ್ಯಾಟರಿಗಳ ಸ್ಥಿತಿಯನ್ನು ಮಾರುವ ದಿನವೇ ತೋರಿಸಿ ಬರೆದುಕೊಡುತ್ತೇವೆ. ಆಮೇಲಿನದು ನಿಮ್ಮ ಖರ್ಚು. ನೀರು ನಿಂತ ರಸ್ತೆಗೆ ನುಗ್ಗಿ ಎಂಜಿನ್ ನೀರೆಳೆದುಕೊಂಡರೆ, ಟೆಂಪರೇಚರ್ ಮುಳ್ಳು ಕೆಂಪಿಗೇರಿದ ಮೇಲೂ ಓಡಿಸಿ ಎಂಜಿನ್ನಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋದರೆ, ಅದನ್ನು ನಾವು ಭರಿಸಲಾರೆವು.

ನಾವು ಪದೇ ಪದೇ ಕೇಳಿದ ಆಕ್ಷೇಪ ಒಂದಿದೆ: "ಕ್ಲಚ್ ಹೋಗುತ್ತದೆಂದು ಗೊತ್ತಿದ್ದೂ ಗಾಡಿ ದಾಟಿಸಿದಿರಿ." ಈ ಮಾತು ನಮಗೆ ಬಹಳ ನೋವು ತಂದಿದೆ. ಕ್ಲಚ್ ಪ್ಲೇಟ್ ಇರುವುದು ಎಂಜಿನ್ನಿನ ತುದಿಯ ಚಕ್ರವಾದ ಫ್ಲೈವೀಲ್ ಮತ್ತು ಅದಕ್ಕೆ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್‌ಗಳ ನಡುವೆ. ಗೇರ್‌ಬಾಕ್ಸ್ ಇಳಿಸದೆ ಅದರ ಸವೆತವನ್ನು ಯಾವ ಮೆಕ್ಯಾನಿಕ್ಕೂ ಕಣ್ಣಾರೆ ಕಾಣಲಾರ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಪೆಡಲ್ ಬಿಟ್ಟಾಗ ಎಂಜಿನ್ ಆರಿಹೋದರೆ ಕ್ಲಚ್ ಹಿಡಿಯುತ್ತಿದೆ ಎಂದು ತಿಳಿಯಬಹುದು, ಆದರೆ ಇನ್ನೆಷ್ಟು ದಿನ ಹಿಡಿಯುತ್ತದೆಂದು ಆ ಪರೀಕ್ಷೆ ಹೇಳುವುದಿಲ್ಲ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದೆ ಪೆಡಲನ್ನು ಅರ್ಧ ಒತ್ತಿಕೊಂಡು ಹಾಫ್ ಕ್ಲಚ್‌ನಲ್ಲೇ ಏರಿದರೆ ಅರ್ಧ ಸವೆದ ಪ್ಲೇಟ್ ಬಹಳ ಬೇಗ ಸುಡುತ್ತದೆ. ಹಾಗೆ ನಮ್ಮ ಶೆಡ್ಡಿಗೆ ಬಂದ ಕಾರುಗಳಲ್ಲಿ ಪ್ರೆಷರ್ ಪ್ಲೇಟ್ ಮೇಲೆ ನೀಲಿಗಟ್ಟಿದ ಸುಟ್ಟ ಕಲೆ, ರಿವೆಟ್‌ವರೆಗೆ ಸವೆದ ಲೈನಿಂಗ್ ಇದ್ದುದನ್ನು ಮಾಲೀಕರಿಗೇ ತೋರಿಸಿದ್ದೇವೆ. ಘಾಟಿ ಹತ್ತಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಕಾಣದ ಸವೆತವನ್ನು ಮುಚ್ಚಿಟ್ಟೆವೆನ್ನುವುದು ನ್ಯಾಯವಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ಆದ್ದರಿಂದ ಮೊದಲ ತಿಂಗಳಲ್ಲಿ ಕ್ಲಚ್ ಹೋದರೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ನಮ್ಮದು, ಕ್ಲಚ್ ಸೆಟ್ಟಿನ ಬೆಲೆ ನಿಮ್ಮದು ಎಂದು ನಿಗದಿ ಮಾಡಿದ್ದೇವೆ.

"ಲಾಭ ಹೊಡೆಯುತ್ತೀರಿ, ದುರಸ್ತಿಗೆ ಮಾತ್ರ ಹಿಂಜರಿಯುತ್ತೀರಿ" ಎನ್ನುವವರು ನಮ್ಮ ಲೆಕ್ಕವನ್ನೂ ನೋಡಬೇಕು. ಹಳೆಯ ಸಣ್ಣ ಕಾರುಗಳಿಗೆ ಶೇ 12 ಇದ್ದ ಜಿಎಸ್‌ಟಿ 2025ರ ಜನವರಿಯಿಂದ ಶೇ 18 ಆಗಿದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಈ ತೆರಿಗೆ ಬೀಳುತ್ತದೆ; ನಡುವೆ ನಾವು ದುರಸ್ತಿಗೆ ಹಾಕಿದ ಹಣವನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. 1,80,000 ರೂಪಾಯಿಗೆ ಕೊಂಡ ಕಾರಿಗೆ ಟೈರು, ಬ್ಯಾಟರಿ, ಸಸ್ಪೆನ್ಷನ್ ಎಂದು 30,000 ಸುರಿದು 2,40,000ಕ್ಕೆ ಮಾರಿದರೂ ತೆರಿಗೆಯ ಲೆಕ್ಕಕ್ಕೆ ಪೂರ್ತಿ 60,000 ಬರುತ್ತದೆ. ಮಳಿಗೆಯ ಬಾಡಿಗೆ, ಹುಡುಗರ ಸಂಬಳ ಉಳಿದದ್ದರಲ್ಲೇ ಆಗಬೇಕು. ಇಷ್ಟಾದರೂ ಓಡಿದ ಕಿ.ಮೀ. ಕಡಿಮೆ ಕಾಣುವಂತೆ ಮೀಟರ್ ತಿರುಗಿಸಿದ ಗಾಡಿಯನ್ನು ನಾವು ಒಳಗೆ ಬಿಟ್ಟುಕೊಂಡವರಲ್ಲ ಎಂಬ ಹೆಮ್ಮೆ ನಮಗಿದೆ.

ಈಗಾಗಲೇ ನಮ್ಮಲ್ಲಿ ಕಾರು ಕೊಂಡವರಿಗೆ ಹಳೆಯ ಮಾತೇ ನಡೆಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಹಕ್ಕನ್ನು ನಮ್ಮ ಕಾಗದ ಮೊಟಕು ಮಾಡುವುದಿಲ್ಲ. ಮುಂದೆ ಕೊಳ್ಳುವವರು ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆತನ್ನಿ; ಲಿಫ್ಟಿಗೆ ಏರಿಸಿ ಅಡಿಭಾಗವನ್ನೂ ತೋರಿಸುತ್ತೇವೆ. ಗಾಡಿ ಕೆಟ್ಟಾಗ ಬೇರೆಡೆ ಬಿಚ್ಚಿಸುವ ಮೊದಲು ನಮಗೊಂದು ಫೋನ್ ಮಾಡಿ. ದೋಷ ಯಾರ ಪಾಲಿಗೆ ಎಂಬ ಬಗ್ಗೆ ಒಮ್ಮತವಾಗದಿದ್ದರೆ ನೀವು ಒಪ್ಪುವ ಮೂರನೆಯ ಗ್ಯಾರೇಜಿನವರು ನೋಡಿ ಹೇಳಲಿ. ಆ ತಪಾಸಣೆಯ ಖರ್ಚನ್ನು ನಾವೇ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಪಾಲುದಾರರು, ಶಿವಮೊಗ್ಗ