ಗ್ಯಾಲ್ವೆಸ್ಟನ್ ಹಡಗಿಗೆ ಸಂಚಕಾರ ಕೊಡುವ ಮೊದಲು

ಟ್ಯಾಂಪಾ, ಭಾನುವಾರ

ಚಿರಂಜೀವಿ ಪುಟ್ಟನಿಗೆ ಅತ್ತೆ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ರಾತ್ರಿ ಕಳಿಸಿದ ಮೆಸೇಜನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿದೆ. ಜೂನ್ 20ಕ್ಕೆ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ ಏಳು ರಾತ್ರಿಯ ಕ್ರೂಸ್, ಒಟ್ಟು ಒಂಬತ್ತು ಜನ, ನಿಮ್ಮಪ್ಪನ, ಅಂದರೆ ನನ್ನ ಅಣ್ಣನ, ಭೀಮರಥ ಶಾಂತಿಯ ವರ್ಷದಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಹಡಗಿನಲ್ಲಿ. ಓದಿ ಕಣ್ಣು ತುಂಬಿ ಬಂತು. ಅದರ ಕೆಳಗೇ ಬರೆದಿದ್ದೀಯ: "ಡೆಪಾಸಿಟ್ ಬರೀ 2,250 ಡಾಲರ್ ಅತ್ತೆ, ಇವತ್ತೇ ಕಟ್ಟಿಬಿಡ್ತೀನಿ, ನಾಳೆ ಆಫರ್ ಮುಗಿಯುತ್ತೆ."

ಇವತ್ತು ಕಟ್ಟಬೇಡ ಪುಟ್ಟಾ. ಈ ಕಾಗದ ಓದಿ ಮುಗಿಸು, ಆಮೇಲೆ ಕಟ್ಟು. ಜನವರಿಯಿಂದ ಮಾರ್ಚ್‌ವರೆಗೆ ಕ್ರೂಸ್ ಕಂಪನಿಗಳಿಗೆ ಸುಗ್ಗಿ ಕಾಲ. ಇವತ್ತು ಮುಗಿಯುವ ಆಫರ್ ಬೇರೆ ಹೆಸರಿಟ್ಟುಕೊಂಡು ಮುಂದಿನ ವಾರ ಮತ್ತೆ ಬರುವುದನ್ನು ಟ್ರಾವೆಲ್ ಏಜೆನ್ಸಿಯ ಫೋನಿನ ಮುಂದೆ ಕೂತು ಹದಿನಾಲ್ಕು ವರ್ಷ ನೋಡಿದ್ದೇನೆ.

ಡೆಪಾಸಿಟ್‌ಗೆ ನಮ್ಮೂರಲ್ಲಿ ಸಂಚಕಾರ ಅನ್ನುತ್ತಿದ್ದರು. ಅಡಿಕೆ ತೋಟವನ್ನು ಫಸಲುಗುತ್ತಿಗೆಗೆ ಕೊಡುವಾಗ ನಿನ್ನ ಅಜ್ಜ ಸಂಚಕಾರದ ದುಡ್ಡು ಮುಟ್ಟಿದರೆ ಮಾತು ಮುಗಿದಂತೆ. ಮಾರನೇ ದಿನ ಹೆಚ್ಚು ಕೊಡುವವನು ಬಂದರೂ ಅವನನ್ನು ಜಗಲಿ ಹತ್ತಿಸುತ್ತಿರಲಿಲ್ಲ. ಗುತ್ತಿಗೆ ಹಿಡಿದವನು ಹಿಂದೆ ಸರಿದರೆ ಸಂಚಕಾರ ಹೋಯಿತು. ಹಡಗಿನ ಡೆಪಾಸಿಟ್ಟೂ ಅದೇ ಜಾತಿಯದು. ಅದು ಟಿಕೆಟ್ಟಿನ ಮೇಲೆ ಬೀಳುವ ಹೆಚ್ಚಿನ ಖರ್ಚಲ್ಲ, ಟಿಕೆಟ್ ದುಡ್ಡಿನ ಮೊದಲ ಕಂತು. ಏಳು ರಾತ್ರಿಯ ಪ್ರಯಾಣಕ್ಕೆ ತಲೆಗೆ 250 ಡಾಲರ್ ಅನ್ನುವುದು ಹಲವು ಕಂಪನಿಗಳಲ್ಲಿರುವ ದರವೇ. ಡಿಸ್ನಿಯವರು ತಲೆಲೆಕ್ಕ ಬಿಟ್ಟು ಪ್ರಯಾಣದರದ ಶೇಕಡಾ 20 ಕೇಳುತ್ತಾರೆ. ಹಾಗಾಗಿ ನಿನಗೆ ಬಂದಿರುವ ಮೊತ್ತದಲ್ಲಿ ಮೋಸವೇನೂ ಇಲ್ಲ. ನೀನು ನೋಡಬೇಕಾದದ್ದು ಆ ದುಡ್ಡಿಗೆ ಅಂಟಿಕೊಂಡು ಬರುವ ಷರತ್ತನ್ನು.

ನೀನು ಕಳಿಸಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ದರ ಎರಡಿವೆ. ಡೆಪಾಸಿಟ್ ವಾಪಸ್ ಬರುವ ದರ ಒಂದು, ವಾಪಸ್ ಬಾರದ ದರ ಇನ್ನೊಂದು. ಒಂಬತ್ತು ಜನಕ್ಕೆ ಸೇರಿ ವ್ಯತ್ಯಾಸ 430 ಡಾಲರ್. ನೀನು ಕಡಿಮೆಯದಕ್ಕೆ ಟಿಕ್ ಹಾಕಿದ್ದೀಯ. ವಾಪಸ್ ಬಾರದ ದರದಲ್ಲಿ ಪ್ರಯಾಣ ಬೇಡ ಅಂದರೆ ಹಲವು ಕಂಪನಿಗಳು ತಲೆಗೆ 100 ಡಾಲರ್ ಮುರಿದುಕೊಂಡು ಉಳಿದದ್ದನ್ನು ಮುಂದಿನ ಕ್ರೂಸ್‌ಗೆ ಕ್ರೆಡಿಟ್ ಅಂತ ಕೊಡುತ್ತವೆ. ಆ ಕ್ರೆಡಿಟ್ ಸಾಮಾನ್ಯವಾಗಿ ಅವರವರ ಹೆಸರಿನಲ್ಲೇ ಇರುತ್ತದೆ, ಅವಧಿಯೂ ಇರುತ್ತದೆ. ತೀರ್ಥಹಳ್ಳಿಯಲ್ಲಿರುವ ನಿನ್ನಮ್ಮನ ಹೆಸರಿನಲ್ಲಿ 150 ಡಾಲರ್ ಕ್ರೆಡಿಟ್ ಇದ್ದು ಯಾರಿಗೆ ಏನು ಉಪಯೋಗ? ರದ್ದು ಮಾಡದೆ ಬರೀ ತಾರೀಖು ಬದಲಾಯಿಸಿದರೂ ತಲೆಗೆ 100 ಡಾಲರ್ ಕೇಳುವವರಿದ್ದಾರೆ. ಅಂದರೆ ಒಂಬತ್ತು ಜನ ಒಂದು ವಾರ ಮುಂದೆ ಹೋಗುವುದಕ್ಕೆ 900 ಡಾಲರ್.

ಇದಿಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಕಾಗದ ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ನಿನ್ನ ಅಜ್ಜಿ ಕೊನೆಯ ಸಲ ಇಲ್ಲಿಗೆ ಬಂದಿದ್ದಳಲ್ಲ, ಆಗ ಅವಳನ್ನು ಇಲ್ಲೇ ಫ್ಲೋರಿಡಾದ ಪೋರ್ಟ್ ಕೆನಾವರಲ್‌ನಿಂದ ಐದು ರಾತ್ರಿಯ ಹಡಗಿಗೆ ಕರೆದುಕೊಂಡು ಹೋಗಿದ್ದೆ. ತಲೆಗೆ 40 ಡಾಲರ್ ಉಳಿಯುತ್ತದೆಂದು ವಾಪಸ್ ಬಾರದ ದರದಲ್ಲಿ ಬುಕ್ ಮಾಡಿದ್ದೆ. ಹೊರಡಲು ಇನ್ನೂ ನಾಲ್ಕು ತಿಂಗಳಿರುವಾಗ ಅವಳಿಗೆ ಉಬ್ಬಸ ಹೆಚ್ಚಾಯಿತು. ಊರಿನ ಡಾಕ್ಟರು ದೂರದ ಪ್ರಯಾಣ ಬೇಡ ಅಂದರು. ನಾನು ಫೋನ್ ಮಾಡಿ "ಕ್ಯಾನ್ಸಲ್ ಮಾಡಲಾ ಅಮ್ಮ?" ಅಂದೆ. "ದುಡ್ಡು ವಾಪಸ್ ಬರುತ್ತಾ?" ಅಂತ ಕೇಳಿದಳು. ಇಲ್ಲ ಅಂದೆ. ಎಷ್ಟು ಅಂದಳು, ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸುತ್ತಿದ್ದಳು. ಆಮೇಲೆ, "ನಂಗೇನಾಗಿದೆ, ಬರ್ತೀನಿ ಬಿಡು" ಅಂದಳು. ಬಂದಳು. ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ಕು ರಾತ್ರಿ ಒರಗು ದಿಂಬಿಗೆ ಆನಿಕೊಂಡು ಕೂತೇ ಕಳೆದಳು. ಸಮುದ್ರ ನೋಡಿದ್ದು ಕೊನೆಯ ದಿನ ಬೆಳಿಗ್ಗೆ ಒಂದು ಸಲ, ಗಾಲಿಕುರ್ಚಿಯಲ್ಲಿ. ಆ ಫೋನಿನಲ್ಲಿ "ಪೂರ್ತಿ ವಾಪಸ್ ಬರುತ್ತಮ್ಮ, ನೀನು ಮನೆಯಲ್ಲಿರು" ಅನ್ನುವ ಅವಕಾಶವನ್ನು ನಾನು 40 ಡಾಲರಿಗೆ ಮಾರಿಕೊಂಡಿದ್ದೆ. ಇದನ್ನು ನಿಮ್ಮಪ್ಪನಿಗೂ ಹೇಳಿರಲಿಲ್ಲ.

ನಿಮ್ಮಪ್ಪ ಅವಳ ಮಗನೇ. ಮಂಡಿ ಎಷ್ಟೇ ನೋಯಲಿ, ಕಟ್ಟಿದ ದುಡ್ಡು ಹೋಗುತ್ತದೆಂದು ಗೊತ್ತಾದರೆ ಬಾಯಿ ಬಿಡುವವನಲ್ಲ. ಆದ್ದರಿಂದ ಆ 430 ಡಾಲರ್ ಕೊಡು. ಅಣ್ಣ ಬರದಿದ್ದರೆ ಈ ಪ್ರಯಾಣಕ್ಕೇ ಅರ್ಥವಿಲ್ಲ, ಅಂದಮೇಲೆ ಅವರ ಕೋಣೆಗೆ ಮಾತ್ರ ವಾಪಸ್ ಬರುವ ದರ ಹಾಕಿಸಿದರೆ ಸಾಲದು. ನಾಲ್ಕೂ ಕೋಣೆಗಳಿಗೆ ಅದೇ ದರ ಇರಲಿ.

ಇನ್ನು ಕೋಣೆ ಹಂಚುವ ವಿಷಯ. ಡೆಪಾಸಿಟ್ ಕಟ್ಟುವ ಕ್ಷಣದಲ್ಲಿ ಯಾರ ಹೆಸರು ಯಾವ ಕೋಣೆಗೆ ಅಂತ ಕೂರುತ್ತದೆ, ಮುಂದಿನ ಫಜೀತಿಯೆಲ್ಲ ಹುಟ್ಟುವುದು ಅಲ್ಲಿಂದಲೇ. ಹಡಗಿನ ದರ ಕೋಣೆಗೆ ಇಬ್ಬರು ಅನ್ನುವ ಲೆಕ್ಕದ ಮೇಲೆ ನಿಂತಿದೆ. ಇಬ್ಬರಲ್ಲಿ ಒಬ್ಬರು ಹಿಂದೆ ಸರಿದರೆ ಉಳಿದವರಿಗೆ ಒಂಟಿ ಪ್ರಯಾಣಿಕರ ದರ ಬೀಳುತ್ತದೆ, ಅದು ಎಷ್ಟೋ ಸಲ ಇಬ್ಬರ ದರಕ್ಕೆ ಸಮ. ನಮ್ಮ ಬೀಗಿತ್ತಿಯವರ, ಅಂದರೆ ನಿನ್ನ ಹೆಂಡತಿಯ ಅಮ್ಮನ, ವೀಸಾ ಇಂಟರ್ವ್ಯೂ ಇನ್ನೂ ಆಗಿಲ್ಲ ಅಂದೆ. ಅವರನ್ನು ನಿನ್ನ ದೊಡ್ಡ ಮಗಳ ಜೊತೆ ಒಂದು ಕೋಣೆಗೆ ಹಾಕಿದ್ದು ಒಳ್ಳೆಯ ಯೋಚನೆ, ಅಜ್ಜಿಗೂ ಮೊಮ್ಮಗಳಿಗೂ ಅದರಲ್ಲೇ ಖುಷಿ. ಆದರೆ ಅವರಿಗೆ ವೀಸಾ ಸಿಗದಿದ್ದರೆ ಎಂಟು ವರ್ಷದ ಹುಡುಗಿಯನ್ನು ಒಬ್ಬಳೇ ಬಿಡಲಾಗುವುದಿಲ್ಲ. ಅದಕ್ಕೇ ನೀವಿಬ್ಬರೂ ಚಿಕ್ಕವನೂ ಇರುವ ಕೋಣೆ ನಾಲ್ಕು ಜನ ಮಲಗುವಂಥದ್ದೇ ಆಗಿರಲಿ, ಅವಳು ಅಲ್ಲಿಗೆ ಬರುತ್ತಾಳೆ. ಇದರಲ್ಲೂ ಒಂದು ತೊಡಕಿದೆ. ಹಡಗಿನ ಒಂದೊಂದು ಭಾಗಕ್ಕೂ ಲೈಫ್‌ಬೋಟ್ ಲೆಕ್ಕ ಇರುತ್ತದೆ. ಆ ಭಾಗ ಭರ್ತಿಯಾಗಿದ್ದರೆ ಹಾಸಿಗೆ ಖಾಲಿ ಇದ್ದರೂ ನಾಲ್ಕನೆಯ ಹೆಸರು ಸೇರಿಸಲು ಒಪ್ಪುವುದಿಲ್ಲ. ವೀಸಾ ಇಲ್ಲ ಅಂತ ಸುದ್ದಿ ಬಂದ ದಿನವೇ ಕಂಪನಿಗೆ ಫೋನ್ ಮಾಡು, ವಾರಾಂತ್ಯಕ್ಕೆ ಬಿಡಬೇಡ.

ನಾಲ್ಕು ಕೋಣೆಗೂ ಬೇರೆ ಬೇರೆ ಬುಕಿಂಗ್ ನಂಬರ್ ಇದೆಯಾ ಅಂತ ಕೇಳಿ ತಿಳಿದುಕೋ, ಒಂದು ಕೋಣೆ ಬಿಡಬೇಕಾಗಿ ಬಂದರೆ ಉಳಿದವಕ್ಕೆ ತೊಡಕಾಗಬಾರದು. ಊಟದ ಮೇಜಿಗೆ ಬೇಕಾದರೆ ನಾಲ್ಕನ್ನೂ ಜೋಡಿಸುತ್ತಾರೆ. ಕಾರ್ಡ್ ವಿಷಯವೂ ಹೇಳಬೇಕು. ವಾಪಸ್ ಬರುವ ದುಡ್ಡು ಕಟ್ಟಿದ ಕಾರ್ಡಿಗೇ ಬರುತ್ತದೆ. ಆಸ್ಟಿನ್‌ನ ನಿನ್ನ ಅಕ್ಕ-ಭಾವನ ಕೋಣೆಗೆ ಅವರ ಕಾರ್ಡಿನಿಂದಲೇ ಕಟ್ಟಲಿ. ನೀನು ಪ್ರೀತಿಯಿಂದ ಎಲ್ಲರದ್ದೂ ಕಟ್ಟುತ್ತೀಯ, ಆಮೇಲೆ ಯಾವ ದುಡ್ಡು ಯಾರದ್ದು ಅಂತ ಒಡಹುಟ್ಟಿದವರು ಲೆಕ್ಕ ಹಾಕುತ್ತಾ ಕೂರುವುದು ನನಗೆ ಬೇಡ. ಯಾರೇ ಕಟ್ಟಲಿ, ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಡೆಬಿಟ್ ಕಾರ್ಡಿನಲ್ಲಿ ಬೇಡ.

ವೀಸಾ ಮಾತು ಬಂತಲ್ಲ. ಹಡಗು ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಗೆ ಬರುವುದರಿಂದ ನಿಮ್ಮಪ್ಪ ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿಯದಾ ಅಂತ ಪಾಸ್‌ಪೋರ್ಟ್ ತೆರೆದು ನೋಡಲು ಹೇಳು. ನಿಮ್ಮ ಹಡಗು ನಿಲ್ಲುವ ಬಂದರುಗಳಾದ ಕೊಜುಮೆಲ್, ಕೋಸ್ಟಾ ಮಾಯಾ ಎರಡೂ ಮೆಕ್ಸಿಕೋದವು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೋ ಪ್ರತ್ಯೇಕ ವೀಸಾ ಕೇಳುವುದಿಲ್ಲ. ದಾರಿಯಲ್ಲಿ ಬೇರೆ ದೇಶದ ಬಂದರಿದ್ದರೆ ಅದನ್ನು ಬೇರೆಯಾಗಿಯೇ ವಿಚಾರಿಸು. ಪಾಸ್‌ಪೋರ್ಟಿನಲ್ಲಿರುವ ನಿಮ್ಮಿಬ್ಬರ ಎಚ್-1ಬಿ ಕೆಲಸದ ವೀಸಾದ ಸ್ಟಾಂಪ್ ಮುಗಿದಿದ್ದರೆ ಮೊದಲು ವಕೀಲರನ್ನು ಕೇಳು. ದಾಖಲೆ ಸರಿಯಿಲ್ಲದೆ ಹಡಗು ಹತ್ತಿಸದಿದ್ದರೆ ಯಾವ ದರದವರಿಗೂ ಟಿಕೆಟ್ ದುಡ್ಡಿನಲ್ಲಿ ಒಂದು ಕಾಸೂ ವಾಪಸ್ ಸಿಗುವುದಿಲ್ಲ.

ವಾಪಸ್ ಬರುವ ಡೆಪಾಸಿಟ್ ಅಂದರೆ ಕೊನೆಯವರೆಗೂ ವಾಪಸ್ ಬರುತ್ತದೆ ಅಂತ ತಿಳಿಯಬೇಡ. ಬಾಕಿ ಪೂರ್ತಿ ಕಟ್ಟುವ ಗಡುವಿನವರೆಗೆ ಮಾತ್ರ ಅದರ ಆಟ. ಏಳು ರಾತ್ರಿಯ ಪ್ರಯಾಣಕ್ಕೆ ಆ ಗಡುವು ಸಾಮಾನ್ಯವಾಗಿ ಹೊರಡುವ 90 ದಿನ ಮೊದಲು. ಜೂನ್ 20ರಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ 22, ಹೆಚ್ಚುಕಡಿಮೆ ಯುಗಾದಿಯ ಹೊತ್ತು. ಅದು ದಾಟಿದರೆ ಮೆಟ್ಟಿಲು ಶುರು. ಮೊದಲು ಒಟ್ಟು ದರದ ಶೇಕಡಾ 25 ಹೋಗುತ್ತದೆ, ನಂತರ 50, ನಂತರ 75, ಕೊನೆಯ 30 ದಿನದಲ್ಲಿ ಪೂರ್ತಿ. ಕಂಪನಿಯಿಂದ ಕಂಪನಿಗೆ ದಿನಗಳು ಸ್ವಲ್ಪ ಆಚೀಚೆ. ಹಡಗು ಹತ್ತದವರಿಗೆ ಪೋರ್ಟ್ ಟ್ಯಾಕ್ಸ್ ಮಾತ್ರ ಹಿಂದಿರುಗಿಸುತ್ತಾರೆ. ಆದ್ದರಿಂದ ಮಾರ್ಚ್ 15ಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೋ. ಆ ವಾರ ಅಣ್ಣನ ಮಂಡಿ, ಅತ್ತಿಗೆಯ ಹೃದಯದ ಡಾಕ್ಟರು, ಬೀಗಿತ್ತಿಯವರ ವೀಸಾ, ಮೂರನ್ನೂ ಕೇಳಿಯೇ ಬಾಕಿ ಕಟ್ಟು. ದರ ಇಳಿದಿದೆಯಾ ಅಂತಲೂ ಆಗ ನೋಡು. ಗಡುವಿಗೆ ಮೊದಲು ಇಳಿದಿದ್ದರೆ ಕೇಳಿದವರಿಗೆ ಕಡಿಮೆ ಮಾಡಿಕೊಡುತ್ತಾರೆ, ತಾವಾಗಿ ಕರೆದು ಹೇಳುವುದಿಲ್ಲ.

ಗಡುವಿನ ಆಚೆಗೆ ಕಾಯುವುದು ಇನ್ಶೂರೆನ್ಸ್. ಇದಕ್ಕೂ ಡೆಪಾಸಿಟ್‌ಗೂ ಇರುವ ನಂಟು ನನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲೇ ಕೆಲವರಿಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಹಾಗೆ ಮೊದಲೇ ಇದ್ದ ಕಾಯಿಲೆಯಿಂದ ಪ್ರಯಾಣ ನಿಂತರೆ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಕಾಯಿಲೆ ನಿನ್ನದಲ್ಲ, ನಿನ್ನಮ್ಮನದು ಅಂದರೂ ಬಿಡುವುದಿಲ್ಲ. ಮೊದಲ ಡೆಪಾಸಿಟ್ ಕಟ್ಟಿದ 14ರಿಂದ 21 ದಿನದೊಳಗೆ ಪಾಲಿಸಿ ತೆಗೆದುಕೊಂಡರೆ ಮಾತ್ರ ಆ ಷರತ್ತನ್ನು ಸಡಿಲ ಮಾಡುವವರಿದ್ದಾರೆ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದಾದ ಪಾಲಿಸಿಗೂ ಇದೇ ದಿನಲೆಕ್ಕ, ಅದರಲ್ಲಿ ಸಿಗುವುದು ಶೇಕಡಾ 50ರಿಂದ 75. ಅಂದರೆ ಡೆಪಾಸಿಟ್ ಕಟ್ಟಿದ ಗಳಿಗೆಯಿಂದ ಗಡಿಯಾರ ಓಡುತ್ತಿರುತ್ತದೆ. ಇಂಥ ಪಾಲಿಸಿಗಳು ಹೆಚ್ಚಾಗಿ ಇಲ್ಲಿ ವಾಸಿಸುವವರಿಗೆ. ಊರಿನಿಂದ ಬರುವ ಮೂವರಿಗೆ ವಿಸಿಟರ್ ಇನ್ಶೂರೆನ್ಸ್ ಬೇರೆ ಮಾಡಿಸಬೇಕು. ಹಡಗಿನ ಆಸ್ಪತ್ರೆಯ ಬಿಲ್ಲನ್ನು ಅದು ಭರಿಸುತ್ತದಾ ಅಂತ ಅಕ್ಷರದಲ್ಲೇ ಬರೆಸಿಕೋ.

ಒಟ್ಟು ಖರ್ಚಿನ ಬಗ್ಗೆ ಎರಡು ಮಾತು. 2024ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಾನೂನು ಜಾರಿಯಾದ ಮೇಲೆ ದೊಡ್ಡ ಕಂಪನಿಗಳು ಟ್ಯಾಕ್ಸ್, ಫೀ ಸೇರಿಸಿಯೇ ದರ ತೋರಿಸುತ್ತವೆ. ಟಿಪ್ಸ್ ಮಾತ್ರ ಅದರಲ್ಲಿಲ್ಲ. ದಿನಕ್ಕೆ ತಲೆಗೆ 16ರಿಂದ 20 ಡಾಲರ್, ಸಾಮಾನ್ಯವಾಗಿ ನಿನ್ನ ಚಿಕ್ಕವನಿಗೂ ಸೇರಿಸಿ. ಒಂಬತ್ತು ಜನ, ಏಳು ದಿನ ಅಂದರೆ 1,008ರಿಂದ 1,260 ಡಾಲರ್.

ಒಂದು ವೇಳೆ ಕಂಪನಿಯೇ ಪ್ರಯಾಣ ರದ್ದು ಮಾಡಿದರೆ, ಅಥವಾ ಹೊರಡುವುದನ್ನು ಮೂರು ದಿನ ಇಲ್ಲವೇ ಹೆಚ್ಚು ಮುಂದೂಡಿದರೆ, ಕಟ್ಟಿದ್ದೆಲ್ಲ ವಾಪಸ್ ಪಡೆಯುವ ಹಕ್ಕು ನಿನಗಿದೆ. ಹಡಗು ವ್ಯವಹಾರ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್ 2022ರಲ್ಲಿ ಮಾಡಿದ ನಿಯಮ ಅದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಹಡಗುಗಳೆಲ್ಲ ನಿಂತಾಗ ಹಲವು ಕಂಪನಿಗಳು ದುಡ್ಡಿನ ಬದಲು ಶೇಕಡಾ 125ರ ಕ್ರೆಡಿಟ್ ಕೊಡುತ್ತೇವೆ ಅಂದವು. ಕೇಳಿದವರಿಗೆಲ್ಲ ನಾನು ದುಡ್ಡೇ ತಗೊಳ್ಳಿ ಅಂದೆ, ನಿನಗೂ ಅದೇ ಹೇಳುತ್ತೇನೆ. ವಿಮಾನದ ಟಿಕೆಟ್ಟಿಗೆ ಇರುವ 24 ತಾಸಿನ ರದ್ದತಿ ನಿಯಮ ಹಡಗಿಗೆ ಇಲ್ಲ ಅನ್ನುವುದೂ ನೆನಪಿರಲಿ. ಆದರೆ ಕೇಳಿದರೆ ಡೆಪಾಸಿಟ್ ಇಲ್ಲದೆ ಒಂದೆರಡು ದಿನ ಕೋಣೆ ಹಿಡಿದಿಡುವವರಿದ್ದಾರೆ. ಇವತ್ತು ಮೊದಲು ಅದನ್ನು ಕೇಳು. ಏಜೆಂಟ್ ಮೂಲಕ ಹೋಗುವುದಾದರೆ ಕಂಪನಿಯದ್ದಲ್ಲದೆ ಅವರದ್ದೇ ಬೇರೆ ರದ್ದತಿ ಶುಲ್ಕ ಇದೆಯಾ ಅಂತ ಇಮೇಲ್‌ನಲ್ಲಿ ಬರೆಸಿಕೋ. ಎಷ್ಟೋ ಕಡೆ ಇರುತ್ತದೆ.

ಕೋಣೆ ಹಿಡಿದಿಟ್ಟ ಮೇಲೆ ನಾಳೆ ನಿನ್ನ ಬೆಳಿಗ್ಗೆ, ಅಲ್ಲಿ ರಾತ್ರಿ ಊಟ ಮುಗಿಯುವ ಹೊತ್ತಿಗೆ, ಅಪ್ಪನಿಗೆ ಫೋನ್ ಮಾಡು. ಬರ್ತೀಯಾ ಅಂತ ಕೇಳಬೇಡ, ಬರ್ತೀನಿ ಅಂತಲೇ ಹೇಳುತ್ತಾನೆ. ಮೆಟ್ಟಿಲು ಇಳಿಯುವಾಗ ಯಾವ ಮಂಡಿ ಹೆಚ್ಚು ನೋಯುತ್ತೆ ಅಂತ ಕೇಳು. ಅತ್ತಿಗೆಯನ್ನೂ ಬೇರೆಯಾಗಿ ಕೇಳು, ನಿಜ ಹೊರಬರುವುದು ಅವರ ಬಾಯಿಂದಲೇ. ದುಡ್ಡಿನ ಮಾತು ಬಂದರೆ "ಮಾರ್ಚ್‌ವರೆಗೆ ಪೂರ್ತಿ ವಾಪಸ್ ಬರುತ್ತೆ ಅಪ್ಪ" ಅಂತ ಹೇಳು. ಆ ಮಾತು ನಿಜವಾಗಿರುವಂತೆ ಮೊದಲು ನೋಡಿಕೋ.

ಮಕ್ಕಳಿಗೆ ನನ್ನ ಮುತ್ತು. ನಿಮ್ಮಿಬ್ಬರಿಗೂ ಆಶೀರ್ವಾದ. ಷರತ್ತಿನ ಪುಟ ಅರ್ಥವಾಗದಿದ್ದರೆ ನನಗೆ ಕಳಿಸು, ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ ಹೇಳುತ್ತೇನೆ.

ಇಂತಿ,
ನಿನ್ನ ಸೋದರತ್ತೆ