ಜೀನ್ಸ್ ಚಿಂದಿ ಕಸವಲ್ಲ

ಮಾನ್ಯರೇ,

ಬಳ್ಳಾರಿಯ ಜೀನ್ಸ್ ಘಟಕಗಳ ಕಟಿಂಗ್ ಟೇಬಲ್ಲಿನಿಂದ ಬೀಳುವ ಚಿಂದಿ ಚರಂಡಿಗೋ ಬೆಂಕಿಗೋ ಹೋಗಬಾರದು. ಥಾನನ್ನು ಪದರಪದರವಾಗಿ ಹಾಸಿ ಕತ್ತರಿಸುವಾಗ 100 ಕೆ.ಜಿ.ಗೆ ಸುಮಾರು 10ರಿಂದ 15 ಕೆ.ಜಿ. ತುಂಡುಗಳೇ ಉಳಿಯುತ್ತವೆ. ಶುದ್ಧ ಹತ್ತಿಯದಾದರೆ ಯಂತ್ರದಲ್ಲಿ ಹಿಂಜಿ ಮತ್ತೆ ನೂಲು ಮಾಡಬಹುದು. ಎಳೆ ಗಿಡ್ಡವಾಗುವುದರಿಂದ ಹೊಸ ಹತ್ತಿ ಬೆರೆಸಿ ದಪ್ಪ ನೂಲು ತೆಗೆಯಬೇಕು, ಅಷ್ಟೆ.

ಕೆಡುವುದು ಬೆರಕೆಯಿಂದ. ಹಿಗ್ಗುವ ಡೆನಿಮ್‌ನಲ್ಲಿ ಸ್ಪ್ಯಾಂಡೆಕ್ಸ್ ಎಂಬ ಕೃತಕ ಎಳೆ ಇರುವುದು ಸಾಮಾನ್ಯವಾಗಿ ಶೇ 1ರಿಂದ 3 ಮಾತ್ರ. ಆದರೂ ಹಿಂಜುವಾಗ ಆ ರಬ್ಬರಿನಂಥ ಎಳೆ ಗಂಟುಗಟ್ಟುತ್ತದೆ. ಜೇಬಿನ ಮೂಲೆಗೆ ಬಡಿಯುವ ಲೋಹದ ರಿವೆಟ್ ಒಂದು ಸೇರಿದರೂ ಯಂತ್ರದ ಹಲ್ಲು ಮುರಿಯಬಹುದು, ಕಿಡಿ ಹಾರಿ ಹತ್ತಿಗೆ ಬೆಂಕಿ ತಗಲಬಹುದು. ಹಾಗಾಗಿ ಟೇಬಲ್ ಪಕ್ಕದಲ್ಲೇ ಎರಡು ಚೀಲ ಇರಲಿ: ಹಿಗ್ಗುವುದು ಒಂದಕ್ಕೆ, ಹಿಗ್ಗದ್ದು ಇನ್ನೊಂದಕ್ಕೆ. ಗುಡಿಸಿ ರಾಶಿ ಹಾಕಿದ ಮೇಲೆ ಬೇರ್ಪಡಿಸುವುದು ಆಗದ ಮಾತು.

ಐರೋಪ್ಯ ಒಕ್ಕೂಟದಲ್ಲಿ 2025ರ ಜನವರಿಯಿಂದ ಬಟ್ಟೆ ತ್ಯಾಜ್ಯದ ಪ್ರತ್ಯೇಕ ಸಂಗ್ರಹ ಕಡ್ಡಾಯ. ನಮ್ಮಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಟೈರ್‌ಗಳಿಗೆ ತಯಾರಿಸಿದವರೇ ತ್ಯಾಜ್ಯದ ವಿಲೇವಾರಿಗೂ ಹೊಣೆ ಎನ್ನುವ ಉತ್ಪಾದಕರ ಹೊಣೆಗಾರಿಕೆಯ ನಿಯಮವಿದೆ, ಬಟ್ಟೆಗೂ ಬೇಕು. ಅದಕ್ಕೂ ಮುನ್ನ ಜಿಲ್ಲಾಡಳಿತ ಒಂದು ಶೆಡ್, ತೂಕದ ಯಂತ್ರ, ಚಿಂದಿಯನ್ನು ಒತ್ತಿ ಬೇಲ್ (ಗಟ್ಟಿ ಮೂಟೆ) ಕಟ್ಟುವ ಪ್ರೆಸ್ ಒದಗಿಸಲಿ. ಬಿಡಿ ಚಿಂದಿ ಸಾಗಿಸಿದರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಬೇಲ್ ಕಟ್ಟಿದರೆ ಹರಿಯಾಣದ ಪಾಣಿಪತ್‌ನ ನೂಲಿನ ಗಿರಣಿಗಳವರೆಗೂ ಕಳಿಸಬಹುದು.

– ಜವಳಿ ಕ್ಷೇತ್ರದ ಓದುಗರು, ಬಳ್ಳಾರಿ